ಶಂಕಾವಿಷದಿಂದ ನೋಟಿನವರೆಗೆ

1990ರ ದಶಕದಲ್ಲಿ ಬೆಂಗಳೂರಿನ ಅನೇಕ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂಬ ಬರಹವಿತ್ತು. ರಾತ್ರಿ ಹೊತ್ತು ದೆವ್ವವೊಂದು ಮನೆಮಂದಿಯ ದನಿಯಲ್ಲೇ ಕೂಗುತ್ತದೆ, ಓಗೊಟ್ಟವರು ಉಳಿಯುವುದಿಲ್ಲ, ಬರಹ ಕಂಡರೆ ಹಿಂತಿರುಗುತ್ತದೆ ಎಂಬ ಸುದ್ದಿ ಬೀದಿಬೀದಿಗೂ ಹಬ್ಬಿತ್ತು. ದೆವ್ವವೇನೋ ಇರಲಿಲ್ಲ, ಭಯ ಮಾತ್ರ ಇತ್ತು. ಜನ ನಂಬಿದ ಕಲ್ಪನೆಯನ್ನು ನಿಜ ಎನ್ನಬಹುದೇ? ನಮ್ಮ ದಾರ್ಶನಿಕರು ಸಾವಿರ ವರ್ಷಕ್ಕೂ ಹಿಂದೆಯೇ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದರು.

7ನೇ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿಯ ಅಳತೆಗೋಲು ಸರಳ: ಕಾರ್ಯ ನಡೆಸಬಲ್ಲದ್ದೇ ಸತ್. ಬೆಂಕಿ ಸುಡುತ್ತದೆ, ಆದ್ದರಿಂದ ಇದೆ. ಮರೀಚಿಕೆಯ ನೀರು ದಾಹ ತಣಿಸದು, ಆದ್ದರಿಂದ ಇಲ್ಲ. ಈ ಅಳತೆಗೆ ತೊಡಕಾಗುವ ಉದಾಹರಣೆ ಶಂಕರರ ಬ್ರಹ್ಮಸೂತ್ರ ಭಾಷ್ಯದಲ್ಲಿದೆ, ಅದೇ ಶಂಕಾವಿಷ. ವಿಷವೇರಿದೆ ಎಂಬ ಶಂಕೆಯಿಂದಲೇ ಮನುಷ್ಯ ಸಾಯುವುದುಂಟು. ವಿಷ ಸುಳ್ಳು, ಸಾವು ದಿಟ. ಮಿಥ್ಯೆಯಿಂದಲೂ ಫಲ ಹುಟ್ಟಬಲ್ಲದು ಎಂದು ತೋರಿಸುವುದಕ್ಕೆ ಅವರು ಇದನ್ನು ಬಳಸಿದರು. ಮುಂದೆ ಅದ್ವೈತಿಗಳು ಸತ್ತೆಯನ್ನು ಪ್ರಾತಿಭಾಸಿಕ (ತೋರಿಕೆಯದು), ವ್ಯಾವಹಾರಿಕ (ದಿನಬಳಕೆಯದು), ಪಾರಮಾರ್ಥಿಕ (ಪರಮಸತ್ಯ) ಎಂದು ಮೂರು ಮಟ್ಟದಲ್ಲಿ ವಿಂಗಡಿಸಿದರು.

ದ್ವೈತಿಗಳು ಇದನ್ನು ಒಪ್ಪಲಿಲ್ಲ. ವಿಜಯನಗರದ ಕಾಲದಲ್ಲಿ ವ್ಯಾಸತೀರ್ಥರು ‘ನ್ಯಾಯಾಮೃತ’ದಲ್ಲಿ ಕೊಟ್ಟ ಉತ್ತರ ನನಗೆ ಇಂದಿಗೂ ಅತ್ಯಂತ ಹರಿತವಾದದ್ದು. ಹಗ್ಗದಲ್ಲಿ ಕಂಡ ಹಾವು ಸುತರಾಂ ಇಲ್ಲ. ನಮ್ಮನ್ನು ನಡುಗಿಸಿದ್ದು ಹಾವಿನ ಜ್ಞಾನ, ಆ ಜ್ಞಾನ ನಿಜವಾಗಿ ಹುಟ್ಟಿದ್ದು. ಹೀಗಿರುವಾಗ ಭಯದ ಲೆಕ್ಕ ಕೊಡುವುದಕ್ಕೆ ಇಲ್ಲದ ಹಾವಿಗೆ ಅರೆಬರೆ ಅಸ್ತಿತ್ವ ದಯಪಾಲಿಸಬೇಕಾಗಿಲ್ಲ.

ಯುರೋಪಿನಲ್ಲಿ 1904ರಲ್ಲಿ ತತ್ತ್ವಜ್ಞಾನಿ ಮೈನಾಂಗ್ ಚಿನ್ನದ ಬೆಟ್ಟದಂಥ ಇಲ್ಲದ ವಸ್ತುಗಳಿಗೂ ಒಂದು ಸ್ಥಾನ ಕಲ್ಪಿಸಿದರೆ, ಮರುವರ್ಷವೇ ರಸೆಲ್ ಅದನ್ನು ತರ್ಕದಿಂದ ಕತ್ತರಿಸಿಹಾಕಿದರು. ಆಮೇಲೆ ಪ್ರಶ್ನೆ ಸಮಾಜಶಾಸ್ತ್ರಕ್ಕೆ ದಾಟಿತು. ಜನ ನಿಜವೆಂದುಕೊಂಡ ಸಂಗತಿಯ ಪರಿಣಾಮ ನಿಜವೇ ಆಗಿರುತ್ತದೆ ಎಂದು 1928ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞರಾದ ಡಬ್ಲ್ಯು. ಐ. ಥಾಮಸ್ ಮತ್ತು ಡೊರೊಥಿ ಥಾಮಸ್ ಪ್ರತಿಪಾದಿಸಿದರು. ಶಾಪಕ್ಕೆ ಹೆದರಿ ಸತ್ತವರ ವರದಿಗಳನ್ನು 1942ರಲ್ಲಿ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ಪರಿಶೀಲಿಸಿದರು. ಶಂಕಾವಿಷ ಪ್ರಯೋಗಶಾಲೆಯವರ ವಿಷಯವಾಯಿತು. ಗಟ್ಟಿಯಾಗಿದ್ದ ಬ್ಯಾಂಕು ಬರೀ ವದಂತಿಯಿಂದ ಹೇಗೆ ಮುಳುಗುತ್ತದೆ ಎಂಬುದನ್ನು 1948ರಲ್ಲಿ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ವಿವರಿಸಿದರು.

ಆದರೆ ವ್ಯಾಸತೀರ್ಥರ ಉತ್ತರ ಹಣಕ್ಕೆ ಸಾಲದು. 2016ರ ನವೆಂಬರ್ 8ರ ನಡುರಾತ್ರಿ 500, 1000 ರೂಪಾಯಿ ನೋಟುಗಳ ಕಾಗದವೂ ಬದಲಾಗಲಿಲ್ಲ, ಶಾಯಿಯೂ ಮಾಸಲಿಲ್ಲ. ಅವುಗಳ ಹಿಂದಿದ್ದ ಒಪ್ಪಂದವನ್ನು ಸರ್ಕಾರ ಹಿಂತೆಗೆದುಕೊಂಡಿತು, ಅಷ್ಟೇ. ಇಂಥವುಗಳ ಇರವೇ ಸಾಮೂಹಿಕ ಒಪ್ಪಿಗೆ ಎಂದು ತತ್ತ್ವಜ್ಞಾನಿ ಜಾನ್ ಸರ್ಲ್ 1995ರಲ್ಲಿ ಬಿಡಿಸಿ ಹೇಳಿದರು. ಗಡಿ, ಕಂಪನಿ, ಮದುವೆ ಎಲ್ಲವೂ ಈ ಜಾತಿಯವು. 1925ರಲ್ಲೇ, ಬ್ರಿಟಿಷ್ ಆಳ್ವಿಕೆಯ ಅತ್ಯುನ್ನತ ನ್ಯಾಯಪೀಠವಾಗಿದ್ದ ಪ್ರಿವಿ ಕೌನ್ಸಿಲ್ ದೇವರ ವಿಗ್ರಹವನ್ನು ಕಾನೂನಿನ ಕಣ್ಣಲ್ಲಿ ವ್ಯಕ್ತಿಯೆಂದು ಎತ್ತಿಹಿಡಿದಿತ್ತು.

ದೆವ್ವ, ನೋಟು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು ಎಂಬುದು ನನ್ನ ನಿಲುವು. ನಾವೆಲ್ಲ ಒಪ್ಪಿದ್ದರಿಂದಲೇ ನೋಟು ಹಣವಾಗಿದೆ. ಊರಿಗೆ ಊರೇ ಒಪ್ಪಿದರೂ ದೆವ್ವ ಹುಟ್ಟುವುದಿಲ್ಲ. ಆದರೆ ದೆವ್ವದ ಹೆಸರಲ್ಲಿ ನಡೆಯುವ ಹಿಂಸೆ ನಿಜ. ಅದನ್ನು ತಡೆಯುವ ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ದೆವ್ವ ಬಿಡಿಸುವ ನೆಪದಲ್ಲಿ ಮನುಷ್ಯರನ್ನು ಕಟ್ಟಿಹಾಕಿ ಹೊಡೆಯುವುದು ಈಗ ಶಿಕ್ಷಾರ್ಹ ಅಪರಾಧ.