ಪೀಸ್ ಹೋಟೆಲಿನ ರೊಕ್ಕ ಎಲ್ಲಿಯದು?

ಸಸೂನ್ ಅನ್ನೋ ಹೆಸರು ನಮ್ಮ ಕಡೆಯವರಿಗೆ ಹೊಸದೇನಲ್ಲ. ಪುಣೆಗೆ ದುಡಿಯೋಕೆ ಹೋದವರಿಗೆ ಸಸೂನ್ ಆಸ್ಪತ್ರೆ ಗೊತ್ತು, ಮುಂಬೈ ಸೇರಿದವರಿಗೆ ಕೊಲಾಬಾದ ಸಸೂನ್ ಡಾಕ್ ಗೊತ್ತು. ಆದ್ರೆ ಆ ಮನೆತನದ ಅತಿ ಹೆಸರುವಾಸಿ ಕಟ್ಟಡ ಇರೋದು ಪುಣೆಯಲ್ಲೂ ಅಲ್ಲ, ಮುಂಬೈನಲ್ಲೂ ಅಲ್ಲ. ಶಾಂಘೈನಲ್ಲಿ, ಹುವಾಂಗ್‌ಪು ನದಿ ದಂಡೆ ಮೇಲೆ, ತಾಮ್ರದ ಹಸಿರು ಗೋಪುರ ಹೊತ್ತು ನಿಂತಿರೋ ಪೀಸ್ ಹೋಟೆಲ್.

ಕಂಪನಿ ಕೆಲಸಕ್ಕೆ ಎರಡು ವಾರ ಶಾಂಘೈನಲ್ಲಿದ್ದಾಗ ರಜೆ ದಿನಗಳಲ್ಲಿ ನಾನು ಮಾಡಿದ್ದು ಒಂದೇ ಕೆಲಸ: ದೊಡ್ಡ ಹೋಟೆಲುಗಳ ಲಾಬಿ ಸುತ್ತಿದ್ದು. ಉಳಿಯೋಕಲ್ಲ, ನಮ್ಮ ಟ್ರಾವೆಲ್ ಪಾಲಿಸಿಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಒಂದು ಕಾಫಿ ತಗೊಂಡು ಒಂದು ತಾಸು ಕೂತರೆ ಯಾರೂ ಏಳಿಸಲ್ಲ. ನದಿಯ ಆಚೆ ದಡದ ಜಿನ್ ಮಾವೊ ಗೋಪುರದಲ್ಲಿ 88 ಮಹಡಿ; ಅದರ ಮೇಲಿನ ಭಾಗದಲ್ಲಿ 1999ರಿಂದ ಗ್ರ್ಯಾಂಡ್ ಹಯಾತ್ ಇದೆ. 56ನೇ ಮಹಡಿಯಲ್ಲಿ ನಿಂತು ಕತ್ತೆತ್ತಿದರೆ ಒಳಗಡೆಯೇ ಮೂವತ್ತಕ್ಕೂ ಹೆಚ್ಚು ಅಂತಸ್ತಿನ ಬಾವಿ, ತಲೆಕೆಳಗಾಗಿ. ಚೆಂದ ಇದೆ, ಹತ್ತು ನಿಮಿಷಕ್ಕೆ ಸಾಕು. ನನ್ನನ್ನು ಹಿಡಿದಿಟ್ಟಿದ್ದು ಈಚೆ ದಡ, ಬಂಡ್.

ಈ 'ಬಂಡ್' ಚೀನೀ ಮಾತಲ್ಲ. ನಮ್ಮ ದೇಶದಿಂದ ಇಂಗ್ಲಿಷರ ಬಾಯಲ್ಲಿ ಅಲ್ಲಿಗೆ ಹೋದದ್ದು. ಒಡ್ಡು ಅಂತ ಅರ್ಥ. ನಮ್ಮ ಮಾಗಳದಲ್ಲಿ ಹೊಲಕ್ಕೆ 'ಬಂಡಿಂಗ್' ಹಾಕಿಸಿದ್ವಿ ಅಂತೀವಲ್ಲ, ಅದೇ.

ಆ ಒಡ್ಡಿನ ಮೇಲಿನ ಹೋಟೆಲುಗಳು ಬರೀ ಮಲಗೋ ಜಾಗಗಳಾಗಿರಲಿಲ್ಲ. ಹಳೆಯ ಆಸ್ಟರ್ ಹೌಸ್ ಹೋಟೆಲಿನಲ್ಲಿ 1882ರಲ್ಲೇ ವಿದ್ಯುತ್ ದೀಪ ಹತ್ತಿತ್ತು. 1990ರಲ್ಲಿ ಶಾಂಘೈ ಷೇರುಪೇಟೆ ಮತ್ತೆ ಶುರುವಾಗಿದ್ದೂ ಅದೇ ಕಟ್ಟಡದಲ್ಲಿ. ಈಗಿನ ವಾಲ್ಡಾರ್ಫ್ ಆಸ್ಟೋರಿಯಾ ಮೊದಲು ಶಾಂಘೈ ಕ್ಲಬ್. ಅಲ್ಲಿ ಚೀನೀಯರಿಗೆ ಸದಸ್ಯತ್ವ ಇಲ್ಲ, ಹೆಂಗಸರಿಗೂ ಇಲ್ಲ. ಅದರ 34 ಮೀಟರಿನ ಉದ್ದನೆ ಬಾರ್ ಕಟ್ಟೆ ಲೋಕಪ್ರಸಿದ್ಧ. 1989ರಲ್ಲಿ ಶಾಂಘೈನ ಮೊದಲ ಕೆಎಫ್‌ಸಿ ತೆರೆದದ್ದು ಆ ಕಟ್ಟಡದಲ್ಲೇ! ಇತಿಹಾಸಕ್ಕೂ ಕುಚೋದ್ಯ ಬರುತ್ತೆ ನೋಡಿ.

ಇನ್ನು ಸಸೂನರ ವಿಷಯ. ಡೇವಿಡ್ ಸಸೂನ್ ಬಾಗ್ದಾದಿನ ಯಹೂದಿ. 1830ರ ದಶಕದ ಆರಂಭದಲ್ಲಿ ಮುಂಬೈಗೆ ಬಂದು ನೆಲೆ ನಿಂತ. 1844ರಲ್ಲಿ ಮಗ ಎಲಿಯಾಸ್‌ನನ್ನು ಚೀನಾಕ್ಕೆ ಕಳಿಸಿದ. ಮಾಳವದ ರೈತ ಬೆಳೆದ ಅಫೀಮು ಮುಂಬೈ ಬಂದರಿನಿಂದ ಚೀನಾಕ್ಕೆ ಹೋಗ್ತಿತ್ತು. ಆ ವ್ಯಾಪಾರದಲ್ಲಿ ಸಸೂನರು ಮುಂಚೂಣಿಯವರು. ಆಸ್ಪತ್ರೆ, ಲೈಬ್ರರಿಗಳಿಗೆ ಕೊಟ್ಟ ದಾನದ ಹಿಂದೆ ಈ ಗಂಟೂ ಇತ್ತು. 1909ರಲ್ಲಿ ಅಫೀಮಿನ ಬಗ್ಗೆ ಮೊದಲ ಅಂತರರಾಷ್ಟ್ರೀಯ ಆಯೋಗ ಸಭೆ ಸೇರಿದ್ದೂ ಬಂಡ್ ಮೇಲಿನ ಪ್ಯಾಲೇಸ್ ಹೋಟೆಲಿನಲ್ಲಿ. ಅದರ ಎದುರಿಗೇ, ರಸ್ತೆ ದಾಟಿದರೆ, ಮುಂದೆ ಸಸೂನರ ಹೋಟೆಲ್ ಎದ್ದಿತು.

ಇದರಲ್ಲಿ ನಮ್ಮ ಸೀಮೆಯ ಪಾಲು ಹತ್ತಿ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರೋದು ನಿಂತಾಗ, ಮಿಲ್ ಮಾಲೀಕರ ಕಣ್ಣು ಧಾರವಾಡ, ಬಳ್ಳಾರಿಗಳ ಎರೆ ಹೊಲದ ಮೇಲೆ ಬಿತ್ತು. ಆಗ ತುಂಗಭದ್ರೆಯ ಈ ದಂಡೆ, ಅಂದ್ರೆ ಹಡಗಲಿ ತಾಲ್ಲೂಕು, ಮದ್ರಾಸ್ ಪ್ರಾಂತ್ಯ. ಆ ದಂಡೆ ಬಹುಮಟ್ಟಿಗೆ ಮುಂಬೈ ಪ್ರಾಂತ್ಯ. ಸರ್ಕಾರ ಬೇರೆ, ಮಣ್ಣು ಒಂದೇ. ಧಾರವಾಡ ಸೀಮೆಯ ಹತ್ತಿ ಅಂಡಿಗೆಗಳು ಘಟ್ಟ ಇಳಿದು ಕುಮಟಾಕ್ಕೆ, ಅಲ್ಲಿಂದ ಸಮುದ್ರದ ಮೇಲೆ ಮುಂಬೈಗೆ. ಬೆಳೆದ ಊರಿನ ಹೆಸರು ಹೋಗಿ ಹಡಗು ಹತ್ತಿದ ಊರಿನ ಹೆಸರು ಅಂಟಿಕೊಂಡಿತು: ಮಾರುಕಟ್ಟೆಯಲ್ಲಿ ಅದು 'ಕುಮಟಾ' ಹತ್ತಿ. ಬಳ್ಳಾರಿ ಕಡೆಯದಕ್ಕೆ 'ವೆಸ್ಟರ್ನ್ಸ್' ಅಂತ ಹೆಸರು. ಒಂದರಲ್ಲೂ ರೈತನ ಊರಿಲ್ಲ.

ನಾಲ್ಕು ವರ್ಷ ಚಿನ್ನದ ರೇಟು. 1865ರಲ್ಲಿ ಯುದ್ಧ ಮುಗೀತು, ರೇಟು ಬಿತ್ತು. ಹನ್ನೊಂದು ವರ್ಷ ಕಳೆಯೋ ಹೊತ್ತಿಗೆ ಧಾತು, ಈಶ್ವರ ಸಂವತ್ಸರಗಳ ಬರ ಬಂತು, 1876ರಿಂದ 78. ಮದ್ರಾಸ್ ಪ್ರಾಂತ್ಯದಲ್ಲಿ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಅದೇ ದಶಕಗಳಲ್ಲಿ ಮುಂಬೈನಲ್ಲಿ ಹತ್ತಿ ಗಿರಣಿಗಳು ಒಂದರ ಹಿಂದೊಂದು ಎದ್ದವು, ಅವುಗಳ ನೂಲಿಗೆ ಚೀನಾ ದೊಡ್ಡ ಗಿರಾಕಿಯಾಯಿತು. ಅಫೀಮು ಹೋದ ದಾರಿಯಲ್ಲೇ ನೂಲೂ ಹೋಯಿತು. ಸಸೂನರು ಗಿರಣಿಗೂ ಇಳಿದರು. 1920ರ ದಶಕದ ಹೊತ್ತಿಗೆ ಇ. ಡಿ. ಸಸೂನ್ ಕಂಪನಿ ಮುಂಬೈನ ದೊಡ್ಡ ಮಿಲ್ ಮಾಲೀಕರ ಸಾಲಿನಲ್ಲಿತ್ತು.

ಕಂಪನಿಯ ಯಜಮಾನ ವಿಕ್ಟರ್ ಸಸೂನ್ ದಿಲ್ಲಿಯ ಶಾಸನಸಭೆಯಲ್ಲಿ ಮಿಲ್ ಮಾಲೀಕರ ಪ್ರತಿನಿಧಿ. 1928ರಲ್ಲಿ ಮುಂಬೈನ ಗಿರಣಿ ಕೂಲಿಗಳು ಆರು ತಿಂಗಳು ಮುಷ್ಕರ ಹೂಡಿದರು. ಮೇಲೆ ತೆರಿಗೆ, ಜಪಾನಿನ ಪೈಪೋಟಿ, ಸ್ವಾತಂತ್ರ್ಯ ಚಳವಳಿ. ವಿಕ್ಟರ್ ತನ್ನ ಬಂಡವಾಳವನ್ನು ಶಾಂಘೈಗೆ ಸಾಗಿಸಿದ. ಐಟಿಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ: ಇಲ್ಲಿ ಕಾಸ್ಟ್ ಜಾಸ್ತಿ ಆಯ್ತು, ಪ್ರಾಜೆಕ್ಟ್ ಬೇರೆ ಲೊಕೇಶನ್ನಿಗೆ ಹೋಯ್ತು. ನಮ್ಮ ಫ್ಲೋರಿನಲ್ಲೂ ಒಂದು ಸೋಮವಾರ ಬೆಳಗ್ಗೆ ಅರ್ಧ ಕುರ್ಚಿ ಖಾಲಿ ಆಗಿದ್ದನ್ನ ನಾನು ನೋಡಿದೀನಿ.

ಹೀಗೆ 1929ರ ಆಗಸ್ಟ್‌ನಲ್ಲಿ ಕ್ಯಾಥೆ ಹೋಟೆಲ್ ತೆರೆಯಿತು. ಫ್ರಾನ್ಸಿನ ಲಾಲಿಕ್ ಗಾಜು, ದೇಶಕ್ಕೊಂದು ಶೈಲಿಯ ಕೋಣೆಗಳು, ಅದರಲ್ಲಿ ಭಾರತದ ಹೆಸರಿನದೂ ಒಂದು. ಹಸಿರು ಗೋಪುರದ ಕೆಳಗೆ ಖುದ್ದು ವಿಕ್ಟರನ ಮನೆ. ಇಂಗ್ಲೆಂಡಿನ ನಾಟಕಕಾರ ನೋಯೆಲ್ ಕವರ್ಡ್ ಜ್ವರ ಬಂದು ಮಲಗಿದ್ದಾಗ 'ಪ್ರೈವೇಟ್ ಲೈವ್ಸ್' ಬರೆದದ್ದು ಇಲ್ಲೇ. ಹೊರಗೆ ರಸ್ತೆಯಲ್ಲಿ ಕಾವಲಿಗೆ ಪಂಜಾಬಿನಿಂದ ತಂದ ಸಿಖ್ ಪೊಲೀಸರು.

ಲಾಬಿಯ ಎಂಟು ಮೂಲೆ ಅಂಗಳದಲ್ಲಿ ಕೂತು ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಮೇಲಿನ ಗಾಜಿನ ಛಾವಣಿ ತೋರಿಸಿದೆ. "ಚಂದ ಐತಿ. ಒಂದ್ ರಾತ್ರಿಗೆ ಎಷ್ಟಂತೋ?" ಅಂದ್ರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಮೂರು ಕ್ವಿಂಟಲ್ ಹತ್ತಿ ಹಾಕ್ಬೇಕಲ್ಲೋ ತಮ್ಮಾ" ಅಂದ್ರು. ಅಪ್ಪನಿಗೆ ಕುಮಟಾ ಹತ್ತಿಯ ಕಥೆ ನಾನಿನ್ನೂ ಹೇಳಿರಲಿಲ್ಲ.

ಕ್ಯಾಥೆಯ ವೈಭವ ಹೆಚ್ಚು ದಿನ ನಡೀಲಿಲ್ಲ. 1937ರ ಆಗಸ್ಟ್ 14ರಂದು, ನದಿಯಲ್ಲಿದ್ದ ಜಪಾನೀ ಯುದ್ಧನೌಕೆಗೆ ಗುರಿಯಿಟ್ಟ ಚೀನೀ ವಿಮಾನಗಳ ಬಾಂಬುಗಳು ತಪ್ಪಿ ಕ್ಯಾಥೆ ಮತ್ತು ಪ್ಯಾಲೇಸ್ ನಡುವಿನ ರಸ್ತೆಗೆ ಬಿದ್ದವು. ಸತ್ತವರು ನೂರಾರು. ಯುದ್ಧಕ್ಕೆ ಹೆದರಿ ಆಶ್ರಯ ಹುಡುಕಿ ಬಂದವರೇ ಅಲ್ಲಿ ತುಂಬಿದ್ದರು. ಕಮ್ಯುನಿಸ್ಟರು ಬಂದ ಮೇಲೆ 1952ರಲ್ಲಿ ಸರ್ಕಾರ ಕಟ್ಟಡ ವಶಕ್ಕೆ ತಗೊಂಡಿತು, 1956ರಲ್ಲಿ ಪೀಸ್ ಹೋಟೆಲ್ ಅಂತ ತೆರೆಯಿತು. 2007ರಲ್ಲಿ ಮುಚ್ಚಿ, ರಿಪೇರಿಯಾಗಿ, 2010ರಲ್ಲಿ ಮತ್ತೆ ಬಾಗಿಲು ತೆಗೆಯಿತು. ಈಗ ಅಲ್ಲಿ ಕಾಫಿ ಕುಡಿಯೋರಲ್ಲಿ ಚೀನೀಯರೇ ಹೆಚ್ಚು. ಒಂದು ಕಾಲಕ್ಕೆ ಪಕ್ಕದ ಕ್ಲಬ್ಬಿನ ಮೆಟ್ಟಿಲು ಹತ್ತೋ ಹಾಗಿಲ್ಲದವರ ಮೊಮ್ಮಕ್ಕಳು.

ವಿಕ್ಟರ್ ಮತ್ತೆ ಲೊಕೇಶನ್ ಬದಲಿಸಿ ಬಹಾಮಾಸ್ ಸೇರಿದ, ಅಲ್ಲೇ 1961ರಲ್ಲಿ ತೀರಿಕೊಂಡ. ಮುಂಬೈನ ಅವನ ಗಿರಣಿಗಳು ಕೈ ಬದಲಾಗಿ ಇಂಡಿಯಾ ಯುನೈಟೆಡ್ ಮಿಲ್ಸ್ ಆದವು. ಆ ಕಂಪನಿಯ ಆರನೇ ನಂಬರಿನ ಮಿಲ್ಲೇ ದಾದರಿನ ಇಂದೂ ಮಿಲ್. ಅಲ್ಲಿ ಈಗ ಮಗ್ಗವಿಲ್ಲ, ಆ ಜಾಗವನ್ನು ಅಂಬೇಡ್ಕರ್ ಸ್ಮಾರಕಕ್ಕೆ ಕೊಟ್ಟಿದ್ದಾರೆ.