ಪ್ರಾಸ್ಟೇಟ್ ಸುತ್ತಲಿನ ಅಂಗಾಂಶಗಳು: ಶಸ್ತ್ರಚಿಕಿತ್ಸಾ ಅಂಗರಚನೆ

ಪುರುಷರಲ್ಲಿ ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಬಳಸಿಕೊಂಡಿರುವ ಪ್ರಾಸ್ಟೇಟ್ ಗ್ರಂಥಿಯ ಹೊರಮೈಗೆ ತಂತುಪೊರೆ, ಕೊಬ್ಬು, ರಕ್ತನಾಳ ಮತ್ತು ನರಗಳು ಒತ್ತಾಗಿ ಅಂಟಿಕೊಂಡಿವೆ. ಕ್ಯಾನ್ಸರ್‌ಗಾಗಿ ಗ್ರಂಥಿಯನ್ನು ಇಡಿಯಾಗಿ ತೆಗೆಯುವಾಗ ರಕ್ತಸ್ರಾವ, ಮೂತ್ರದ ಮೇಲಿನ ಹಿಡಿತ, ಶಿಶ್ನದ ನಿಮಿರುವಿಕೆ ಬಹುಮಟ್ಟಿಗೆ ಈ ಕೆಲವು ಮಿಲಿಮೀಟರ್‌ಗಳನ್ನೇ ಅವಲಂಬಿಸಿವೆ.

ಮುಂಭಾಗದಲ್ಲಿ, ಗುಹ್ಯಾಸ್ಥಿಯ ಹಿಂದೆ, ಕೊಬ್ಬು ತುಂಬಿದ ರೆಟ್ಜಿಯಸ್ ಅವಕಾಶವಿದೆ. ಅದರಾಚೆ ಸಾಂಟೋರಿನಿ ಅಭಿಧಮನಿ ಜಾಲ. ಇದು ಹರಿದರೆ ರಕ್ತ ತುಂಬಿ ಏನೂ ಕಾಣುವುದಿಲ್ಲ. ಈ ಜಾಲವನ್ನು ಮೊದಲೇ ಕಟ್ಟಿಹಾಕುವ ವಿಧಾನವನ್ನು ರೈನರ್ ಮತ್ತು ವಾಲ್ಶ್ 1979ರಲ್ಲಿ ವಿವರಿಸಿದರು.

ಗ್ರಂಥಿಯ ‘ಕವಚ’ ಸುಲಿದು ತೆಗೆಯಬಹುದಾದ ಪ್ರತ್ಯೇಕ ಪೊರೆಯಲ್ಲ, ಅದು ಗ್ರಂಥಿಯ ಸ್ನಾಯು-ತಂತುಗಳೇ ದಟ್ಟವಾದ ಪದರ. ತುದಿಯಲ್ಲಿ ಅದೂ ಸ್ಪಷ್ಟವಿರುವುದಿಲ್ಲ. ಪಕ್ಕಗಳಲ್ಲಿ ಇದರ ಹೊರಗೆ ಪ್ರಾಸ್ಟೇಟಿನ ತಂತುಪೊರೆ, ಅದರಾಚೆ ಶ್ರೋಣಿಯ ತಳದ ಲೆವೇಟರ್ ಸ್ನಾಯುವಿನ ತಂತುಪೊರೆ. ಗ್ರಂಥಿಯನ್ನು ಒಳಪೊರೆಗೂ ಒಳಗಿನಿಂದ, ಎರಡು ಪೊರೆಗಳ ನಡುವಿನಿಂದ, ಇಲ್ಲವೇ ಎರಡಕ್ಕೂ ಹೊರಗಿನಿಂದ ಬಿಡಿಸಬಹುದು. ಒಳಗೆ ಹೋದಷ್ಟೂ ನರ ಉಳಿಯುತ್ತದೆ, ಕ್ಯಾನ್ಸರಿನ ಅಂಚು ಉಳಿದುಹೋಗುವ ಅಪಾಯವೂ ಹೆಚ್ಚುತ್ತದೆ. ನರ ಉಳಿಸುವುದೇ ಕೌಶಲದ ಅಳತೆಯೆಂಬಂತೆ ಪ್ರಚಾರವಾಗುವಾಗ ಈ ಎರಡನೆಯ ಮಾತು ಮರೆತುಹೋಗುತ್ತದೆ.

ನಿಮಿರುವಿಕೆಯ ನರಗಳು ಗ್ರಂಥಿಯನ್ನು ಹಾದೇ ಹೋಗುತ್ತವೆಂಬ ನಂಬಿಕೆ ಬಹುಕಾಲವಿತ್ತು. 1981ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಪೀಟರ್ ಡೊಂಕರ್ ಮತ್ತು ಪ್ಯಾಟ್ರಿಕ್ ವಾಲ್ಶ್, ಹುಟ್ಟುವ ಮೊದಲೇ ಸತ್ತ ಶಿಶುವಿನ ದೇಹವನ್ನು ಛೇದಿಸಿ ಅವು ಗ್ರಂಥಿಯ ಹೊರಗಿವೆಯೆಂದು ಕಂಡರು. ವಯಸ್ಕರ ದೇಹದಲ್ಲಿ ಕೊಬ್ಬು, ತಂತುಗಳ ನಡುವೆ ಮರೆಯಾಗುವ ಎಳೆಗಳು ಶಿಶುವಿನಲ್ಲಿ ಬಿಡಿಯಾಗಿ ಕಂಡವು. 1982ರ ಏಪ್ರಿಲ್ 26ರಂದು ವಾಲ್ಶ್ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಉದ್ದೇಶಪೂರ್ವಕವಾಗಿ ಈ ನರಗಳನ್ನು ಉಳಿಸಿ ಶಸ್ತ್ರಚಿಕಿತ್ಸೆ ಮಾಡಿದರು. ಗಡಿಯಾರದ 5 ಮತ್ತು 7ರ ಸ್ಥಾನಗಳಲ್ಲಿ ಸಾಗುವ ನರ-ರಕ್ತನಾಳಗಳ ಕಟ್ಟು ಎಲ್ಲರಲ್ಲೂ ಒಂದೇ ಹಗ್ಗವಾಗಿರುವುದಿಲ್ಲ. ಎಷ್ಟೋ ಜನರಲ್ಲಿ ಎಳೆಗಳು ಬಲೆಯಂತೆ ಪಕ್ಕಕ್ಕೂ ಮುಂದಕ್ಕೂ ಹರಡಿರುತ್ತವೆಂದು ನಂತರದ ಅಧ್ಯಯನಗಳು ತೋರಿಸಿದವು.

ಗ್ರಂಥಿಯ ತುದಿಯಲ್ಲಿ ಮೂತ್ರನಾಳವನ್ನು ಕುದುರೆಲಾಳದ ಆಕಾರದಲ್ಲಿ ಸುತ್ತಿರುವ ಸಂಕೋಚಕ ಸ್ನಾಯುವನ್ನು, ಮೂತ್ರದ ಮೇಲಿನ ಹಿಡಿತಕ್ಕಾಗಿ, ಆದಷ್ಟು ಉದ್ದ ಉಳಿಸಿಕೊಳ್ಳಬೇಕು.

ಹಿಂಭಾಗದಲ್ಲಿ ಗ್ರಂಥಿ ಮತ್ತು ಮಲಾಶಯದ ನಡುವೆ ಇರುವುದು 1836ರಲ್ಲಿ ಡೆನಾನ್ವಿಲಿಯೆ ವರ್ಣಿಸಿದ ತೆಳು ಪೊರೆ. ಮಲಾಶಯದ ಮೂಲಕ ತೆಗೆಯುವ ಬಯಾಪ್ಸಿ ಸೂಜಿ ಇದನ್ನು ದಾಟಿಯೇ ಹೋಗುತ್ತದೆ, ಜೊತೆಗೆ ಕರುಳಿನ ಬ್ಯಾಕ್ಟೀರಿಯಾಗಳನ್ನೂ ಒಯ್ಯುತ್ತದೆ. ಕುವೈತ್ ಇದಕ್ಕೆ ಒಳ್ಳೆಯ ಉದಾಹರಣೆ.  ಸಿಪ್ರೋಫ್ಲಾಕ್ಸಾಸಿನ್ ಎಂಬ ಪ್ರತಿಜೀವಕ ಒಂದನ್ನೇ ನಂಬದೆ ಅಮಿಕಾಸಿನ್ ಸೇರಿಸಿದರೆ ಬಯಾಪ್ಸಿಯ ನಂತರದ ರಕ್ತದ ಸೋಂಕು ತಗ್ಗುತ್ತದೆಂದು ಕುವೈತ್ ವಿಶ್ವವಿದ್ಯಾಲಯದ ಎಲೈಜಾ ಕೆಹಿಂಡೆ ಮತ್ತು ಸಂಗಡಿಗರು 2013ರಲ್ಲಿ ತೋರಿಸಿದರು. ಮೂಲಾಧಾರದ ಚರ್ಮದ ಮೂಲಕ ಸೂಜಿ ಹಾಕಿದರೆ ಮಲಾಶಯದ ತಂಟೆಯೇ ತಪ್ಪುತ್ತದೆ.

ಕುವೈತ್‌ನ ಸಬಾಹ್ ಅಲ್-ಅಹ್ಮದ್ ಮೂತ್ರರೋಗ ಕೇಂದ್ರದಲ್ಲಿ ರೋಬೋಟಿಕ್ ಶಸ್ತ್ರಚಿಕಿತ್ಸೆ ಲಭ್ಯವಿದೆ. ಇಂಥ ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಗೆ ತುಂಬಿದ ಅನಿಲದ ಒತ್ತಡ ಅಭಿಧಮನಿಗಳ ಸ್ರಾವವನ್ನು ತಗ್ಗಿಸುತ್ತದೆ, ಹಿಗ್ಗಿಸಿದ ಮೂರು ಆಯಾಮದ ನೋಟ ಪದರಗಳನ್ನು ಬಿಡಿಸಿ ತೋರಿಸುತ್ತದೆ. ಆದರೆ ಬಯಾಪ್ಸಿಯಿಂದ ರಕ್ತ ಹೆಪ್ಪುಗಟ್ಟಿ ಉರಿಯೂತವಾದರೆ ಪದರಗಳು ಒಂದಕ್ಕೊಂದು ಅಂಟುತ್ತವೆ; ಅದಕ್ಕೇ ಸಾಮಾನ್ಯವಾಗಿ ಕೆಲವು ವಾರ ಬಿಟ್ಟು ಶಸ್ತ್ರಚಿಕಿತ್ಸೆ ಮಾಡುವ ರೂಢಿ. ಕುವೈತ್‌ನಲ್ಲಿ ಬಯಾಪ್ಸಿ ಮಾಡಿಸಿ ಮಂಗಳೂರಿಗೋ ಮಣಿಪಾಲಕ್ಕೋ ಆಪರೇಷನ್‌ಗೆ ಬರುವ ಕರಾವಳಿಯವರ ಕಡತದಲ್ಲಿ ಕ್ಯಾನ್ಸರ್ ಇದೆ ಎಂಬ ಸಾಲೊಂದೇ ಸಾಲದು. ಬಯಾಪ್ಸಿಯ ದಿನಾಂಕ, ಯಾವ ಬದಿಯ ಎಷ್ಟು ಚೂರುಗಳಲ್ಲಿ ಕ್ಯಾನ್ಸರ್ ಸಿಕ್ಕಿತು, ಎಂಆರ್‌ಐ ಚಿತ್ರಗಳು ಇವೂ ಇರಬೇಕು. ಯಾವ ಬದಿಯ ನರ ಉಳಿಸಬಹುದೆಂದು ಶಸ್ತ್ರವೈದ್ಯರು ತೀರ್ಮಾನಿಸುವುದು ಅವುಗಳಿಂದಲೇ.