ಹೋದ ಹುಬ್ಬಿಗೆ ಹಚ್ಚೆಯ ಆಸರೆ

ಮುಂಬಯಿಯ ಬ್ಯೂಟಿ ಪಾರ್ಲರುಗಳ ಬೋರ್ಡಿನಲ್ಲಿ ‘ಪರ್ಮನೆಂಟ್ ಮೇಕಪ್’ ಅಂತ ಬರೆದಿರುವುದನ್ನು ನೀವೂ ನೋಡಿರುತ್ತೀರಿ. ಹೆಸರು ಹೊಸದು, ಕೆಲಸ ಮಾತ್ರ ನಮ್ಮ ಅಜ್ಜಿಯರಿಗೂ ಗೊತ್ತಿದ್ದದ್ದೇ. ನಮ್ಮೂರಲ್ಲಿ ಹಚ್ಚೆ, ಇಲ್ಲಿ ಮರಾಠಿಯವರ ಬಾಯಲ್ಲಿ ಗೋಂದಣ. ಕೊರವರ ಹೆಂಗಸರು ಮನೆ ಬಾಗಿಲಿಗೇ ಬಂದು ಹಣೆಗೆ, ಗಲ್ಲಕ್ಕೆ, ಕೈಗೆ ಸೂಜಿಯಿಂದ ಚುಚ್ಚಿ ಹಾಕುತ್ತಿದ್ದರು. ಸತ್ತಾಗ ಒಡವೆ ಜೊತೆಗೆ ಬರಲ್ಲ, ಹಚ್ಚೆಯೊಂದೇ ಬರೋದು ಅನ್ನೋದು ಹಳಬರ ನಂಬಿಕೆ.

ಈ ಕೈಸೂಜಿ ಯಂತ್ರವಾದ ಕಥೆ ಸ್ವಾರಸ್ಯವಾಗಿದೆ. ಥಾಮಸ್ ಎಡಿಸನ್ 1876ರಲ್ಲಿ ವಿದ್ಯುತ್ ಲೇಖನಿಗೆ ಪೇಟೆಂಟ್ ಪಡೆದ. ಅದರ ಸೂಜಿ ಕಾಗದಕ್ಕೆ ಸಾಲಾಗಿ ತೂತು ಹಾಕುತ್ತಿತ್ತು, ಆ ತೂತುಗಳಿಂದ ಶಾಯಿ ಹಾಯಿಸಿ ಒಂದೇ ಪತ್ರದ ಅನೇಕ ಪ್ರತಿ ತೆಗೆಯಬಹುದಿತ್ತು. ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓ’ರೈಲಿ ಇದೇ ಉಪಾಯವನ್ನು ಚರ್ಮಕ್ಕೆ ಒಗ್ಗಿಸಿ 1891ರಲ್ಲಿ ಹಚ್ಚೆ ಯಂತ್ರಕ್ಕೆ ಪೇಟೆಂಟ್ ತೆಗೆದುಕೊಂಡ. 1930ರ ದಶಕದಲ್ಲಿ ಲಂಡನ್ನಿನ ಜಾರ್ಜ್ ಬರ್ಚೆಟ್ ಹಚ್ಚೆಯಿಂದಲೇ ಹುಬ್ಬು ಕಪ್ಪಾಗಿಸಿ ಕೊಡುತ್ತಿದ್ದ. 1984ರಲ್ಲಿ ಅಮೆರಿಕದ ಕಣ್ಣಿನ ಡಾಕ್ಟರ್ ಜಿಯೋರಾ ಆಂಗ್ರೆಸ್ ರೆಪ್ಪೆಯಂಚಿಗೆ ಬಣ್ಣ ಕೂರಿಸುವ ವಿಧಾನವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು.

ಇದೆಲ್ಲ ಬರೀ ಶೋಕಿ ಅನ್ನಿಸಬಹುದು. ಆದರೆ ಹುಬ್ಬು ಹೋದವರ ಪಾಡು ತಿಳಿಯಬೇಕಾದರೆ ವೆಲ್ಲೂರಿನ ಕಥೆ ಕೇಳಬೇಕು. ಕುಷ್ಠರೋಗದ ಒಂದು ಬಗೆಯಲ್ಲಿ ಹುಬ್ಬು ಉದುರುತ್ತದೆ. 1940ರ ದಶಕದಲ್ಲಿ ಸಲ್ಫೋನ್ ಔಷಧಿಗಳು ಬಂದು ರೋಗ ಹತೋಟಿಗೆ ಸಿಕ್ಕಿತು. ಆದರೆ ಹುಬ್ಬಿಲ್ಲದ ಮುಖ ಕಂಡರೆ ಜನ ದೂರ ಸರಿಯುವುದು ನಿಲ್ಲಲಿಲ್ಲ. 1946ರಲ್ಲಿ ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಡಾ. ಪಾಲ್ ಬ್ರ್ಯಾಂಡ್, ರೋಗಿಗಳ ಮುದುಡಿದ ಕೈ ಸರಿಪಡಿಸಿ ಹೆಸರಾದವರು. ಅವರು ಹುಬ್ಬನ್ನೂ ಕಟ್ಟಿಕೊಟ್ಟರು! ತಲೆಯ ಕೂದಲಿರುವ ಚರ್ಮದ ತುಂಡನ್ನು ರಕ್ತನಾಳ ಸಮೇತ ಹುಬ್ಬಿನ ಜಾಗಕ್ಕೆ ತಂದು ಕೂರಿಸುವ ಶಸ್ತ್ರಚಿಕಿತ್ಸೆ ಅದು. ತಲೆಗೂದಲಲ್ಲವೇ, ಬೆಳೆಯುತ್ತಲೇ ಇರುತ್ತದೆ, ಆಗಾಗ ಕತ್ತರಿಸಬೇಕು.

ಆ ಹಳೇ ಭಯ ಇನ್ನೂ ಪೂರ್ತಿ ಹೋಗಿಲ್ಲ. ಡೊಂಬಿವಲಿಯ ನಮ್ಮ ಪರಿಚಯದವರೊಬ್ಬರಿಗೆ ಅಲೋಪೀಸಿಯಾ ಏರಿಯೇಟಾ ಬಂತು. ದೇಹದ ರಕ್ಷಣಾ ವ್ಯವಸ್ಥೆಯೇ ಕೂದಲ ಬುಡದ ಮೇಲೆ ತಿರುಗಿ ಬೀಳುವ ಕಾಯಿಲೆ, ಅಂಟುರೋಗ ಅಲ್ಲ. ತಲೆಗೆ ವಿಗ್ ಇಟ್ಟರು, ಹುಬ್ಬನ್ನು ದಿನಾ ಪೆನ್ಸಿಲಿನಲ್ಲಿ ಬರೆದುಕೊಂಡರು. ಲೋಕಲ್ ಟ್ರೈನಿನ ಬೆವರಿಗೆ ಅದು ಕಲ್ಯಾಣದಿಂದ ದಾದರ್ ಬರುವಷ್ಟರಲ್ಲಿ ಅರ್ಧ ಅಳಿಸಿಹೋಗುತ್ತಿತ್ತು. ಊರಿನ ಮದುವೆಯೊಂದರಲ್ಲಿ ಹಿರಿಯಜ್ಜಿಯೊಬ್ಬರು ಎಲ್ಲರೆದುರೇ ಕೇಳಿಬಿಟ್ಟರಂತೆ, “ಏನವ್ವಾ, ದೊಡ್ಡರೋಗ ಏನು?” ಅಂತ. ಆಮೇಲೆ ನಾಲ್ಕು ವರ್ಷ ಅವರು ಊರಿಗೇ ಹೋಗಲಿಲ್ಲ. ಕೊನೆಗೆ ಚರ್ಮದ ಡಾಕ್ಟರನ್ನು ಕೇಳಿ ಹುಬ್ಬಿಗೆ ಹಚ್ಚೆ ಹಾಕಿಸಿಕೊಂಡರು. ಈಗ ಮಳೆಯಲ್ಲಿ ನೆನೆದರೂ ಕನ್ನಡಿ ಹುಡುಕುವುದಿಲ್ಲ. ಹೋದ ವರ್ಷ ಜಾತ್ರೆಗೂ ಹೋಗಿ ಬಂದರು.

ಈ ಹಚ್ಚೆಯಿಂದ ಕೂದಲು ಬೆಳೆಯುವುದಿಲ್ಲ, ಇದ್ದ ಹಾಗೆ ಕಾಣಿಸುತ್ತದೆ ಅಷ್ಟೆ. ಬೋಳುತಲೆಗೆ ಚುಕ್ಕೆ ಚುಕ್ಕೆಯಾಗಿ ಬಣ್ಣ ಕೂರಿಸಿದರೆ ಸಣ್ಣಗೆ ಕ್ಷೌರ ಮಾಡಿದ ತಲೆಯಂತೆ ಕಾಣುತ್ತದೆ. ಪರ್ಮನೆಂಟ್ ಅಂದರೂ ಕೆಲವು ವರ್ಷಗಳಲ್ಲಿ ಮಸುಕಾಗುತ್ತದೆ, ಮತ್ತೆ ತಿದ್ದಿಸಬೇಕು. ಸೂಜಿ ನಿಮ್ಮೆದುರೇ ಪೊಟ್ಟಣದಿಂದ ತೆಗೆದ ಹೊಸದಿರಲಿ, ಹಳೇ ಸೂಜಿಯಿಂದ ಹೆಪಟೈಟಿಸ್ ಬರಬಹುದು. ಕೀಮೋ ನಡೆಯುತ್ತಿದ್ದರೆ ಡಾಕ್ಟರನ್ನು ಕೇಳದೆ ಹಾಕಿಸಬೇಡಿ. ಬಣ್ಣದಲ್ಲಿ ಕಬ್ಬಿಣದ ಅಂಶ ಇರುವುದರಿಂದ ಎಂಆರ್‌ಐ ಸ್ಕ್ಯಾನಿನವರಿಗೂ ಮೊದಲೇ ತಿಳಿಸಿ. ಇನ್ನು ಔಷಧಿಯ ಮಾತು: ತೀವ್ರವಾದ ಅಲೋಪೀಸಿಯಾ ಏರಿಯೇಟಾಕ್ಕೆ ಬ್ಯಾರಿಸಿಟಿನಿಬ್ ಗುಳಿಗೆಗೆ ಅಮೆರಿಕ 2022ರಲ್ಲಿ ಒಪ್ಪಿಗೆ ಕೊಟ್ಟಿತು. ಎಲ್ಲರಿಗೂ ಅದು ಫಲ ಕೊಡುವುದಿಲ್ಲ.

ವೆಲ್ಲೂರಿನ ಶಸ್ತ್ರಚಿಕಿತ್ಸೆಯಾಗಲಿ, ಪಾರ್ಲರಿನ ಸೂಜಿಯಾಗಲಿ, ಬೇಕಾಗಿ ಬಂದದ್ದು ಅರ್ಧ ರೋಗದಿಂದ, ಇನ್ನರ್ಧ ನೋಡುವವರ ಕಣ್ಣಿನಿಂದ. ಮುಂದಿನ ಸಲ ಊರಿನ ಮದುವೆಯಲ್ಲಿ ಹುಬ್ಬಿಲ್ಲದ ಮುಖ ಕಂಡರೆ, “ಊಟ ಆಯ್ತಾ?” ಅಂತಷ್ಟೇ ಕೇಳೋಣ. ನಿಮ್ಮ ಕಡೆ ಹಚ್ಚೆ ಯಾರು ಹಾಕುತ್ತಿದ್ದರು? ನೆನಪಿದ್ದರೆ ಬರೆಯಿರಿ.